ನೆಲಮಾಳಿಗೆಯಲ್ಲಿ ಗಾಲ್ಫ್ ಮೈದಾನ

ಗಾಲ್ಫ್ ಎಂದರೆ ಜಾಗ ಬೇಡುವ ಆಟ. ಹದಿನೆಂಟು ಕುಳಿಗಳ ಒಂದು ಮೈದಾನಕ್ಕೆ ನೂರಿಪ್ಪತ್ತು ಎಕರೆಯಷ್ಟಾದರೂ ನೆಲ ಬೇಕು. ಆ ನೆಲಕ್ಕೆ ನೀರುಣಿಸಬೇಕು, ಹುಲ್ಲು ಕತ್ತರಿಸಬೇಕು, ಮರಳಿನ ಗುಂಡಿಗಳನ್ನು ಕೆರೆದು ಹದ ಮಾಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಂದು ಹೊತ್ತಿಗೆ ಅಲ್ಲಿ ಆಡುವವರ ಸಂಖ್ಯೆ ಒಂದು ಮದುವೆಯ ಪಂಕ್ತಿಯಲ್ಲಿ ಕೂರುವವರಷ್ಟೂ ಇರುವುದಿಲ್ಲ. ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಈ ನೆಲ ಊರೊಟ್ಟಿನದಾಗಿತ್ತು. ಕಡಲಂಚಿನ ಮರಳು ದಿಬ್ಬದ ಗೋಮಾಳಗಳಲ್ಲಿ ಕುರಿಗಳೂ ಮೇಯುತ್ತಿದ್ದವು, ಜನರೂ ಆಡುತ್ತಿದ್ದರು. ಅಲ್ಲಿಂದ ಹೊರಬಿದ್ದ ಮೇಲೆ ಮಾತ್ರ ಗಾಲ್ಫ್ ಬೇಲಿಯೊಳಗಿನ ಆಟವಾಯಿತು. ಹೋದ ದೇಶದಲ್ಲೆಲ್ಲ ಹಣವಂತರ ಆಟವೆಂಬ ಹೆಸರು ಪಡೆಯಿತು.

ಇಂಥ ಆಟವನ್ನು ಸೂರಿನಡಿಗೆ ತಂದು, ಬೇಲಿಯ ಹೊರಗೆ ನಿಂತವರಿಗೆ ಗಂಟೆಯ ಲೆಕ್ಕದಲ್ಲಿ ಮಾರುವುದು ಇಂದು ಜಗತ್ತಿನ ಹಲವು ನಗರಗಳಲ್ಲಿ ದೊಡ್ಡ ವ್ಯಾಪಾರ. ಪರದೆಯ ಮೇಲೆ ಚಿತ್ರ, ನೆಲದ ಮೇಲೆ ಕೃತಕ ಹುಲ್ಲು, ಮೂಲೆಯಲ್ಲಿ ಕಾಫಿಯ ಯಂತ್ರ. ಇದು ಕಂಪ್ಯೂಟರ್ ಯುಗದ ಕೂಸು ಎಂದು ತೋರುವುದು ಸಹಜ. ಆದರೆ ಗಾಲ್ಫನ್ನು ಒಳಗೆ ತಂದು ಕಾಸು ಮಾಡಿಕೊಂಡವರ ಕಥೆ ಹಳೆಯದು. ಕಾಸು ಕಳೆದುಕೊಂಡವರ ಕಥೆ ಅದಕ್ಕಿಂತ ದೊಡ್ಡದು.

ಪಾನಗೃಹದ ಹಿತ್ತಲಲ್ಲಿ

ಹಾಲೆಂಡಿನಲ್ಲಿ ಮಧ್ಯಯುಗದಿಂದಲೂ ‘ಕೋಲ್ಫ್’ ಎಂಬ ಆಟವಿತ್ತು. ಬಾಗಿದ ತುದಿಯ ಕೋಲಿನಿಂದ ಚೆಂಡನ್ನು ಬೀದಿಯಲ್ಲಿ, ಬಯಲಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಹೊಡೆದುಕೊಂಡು ಹೋಗುವ ಆಟ. ಹದಿನೇಳನೆಯ ಶತಮಾನದ ಚಿತ್ರಕಾರ ಹೆಂಡ್ರಿಕ್ ಆವರ್‌ಕಾಂಪನ ಹಿಮದ ಚಿತ್ರಗಳಲ್ಲಿ ಈ ಆಟಗಾರರು ಕಾಣಸಿಗುತ್ತಾರೆ. ಗಾಲ್ಫ್ ಹುಟ್ಟಿದ್ದು ಇದರಿಂದಲೇ ಎಂದು ಡಚ್ಚರು ಹೇಳುತ್ತಾರೆ. ಸ್ಕಾಟರು ಒಪ್ಪುವುದಿಲ್ಲ. ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫನ್ನು ನಿಷೇಧಿಸಿದ ದಾಖಲೆಯನ್ನು ಅವರು ಮುಂದಿಡುತ್ತಾರೆ. ಆ ಜಗಳ ಇಲ್ಲಿ ಬೇಡ. ಇಲ್ಲಿ ಮುಖ್ಯವಾದದ್ದು ಕಿಟಕಿಯ ಗಾಜು. ಬೀದಿಯಲ್ಲಿ ಚಿನ್ನಿದಾಂಡು ಆಡುವ ಹುಡುಗರಿಗೂ ಮನೆಯ ಹೆಂಗಸರಿಗೂ ಆಗುವ ತಕರಾರೇ ಡಚ್ ಊರುಗಳಲ್ಲೂ ಆಗುತ್ತಿತ್ತು. ಗಾಜು ಒಡೆಯಿತು, ದಾರಿಹೋಕನಿಗೆ ಪೆಟ್ಟಾಯಿತು ಎಂದು ನಗರಸಭೆಗಳು ಮೇಲಿಂದ ಮೇಲೆ ನಿಷೇಧ ಹೊರಡಿಸಿದವು. ಆಟ ಊರ ಹೊರಕ್ಕೆ ಹೋಯಿತು. ಹದಿನೆಂಟನೆಯ ಶತಮಾನ ಕಾಲಿಡುವ ಹೊತ್ತಿಗೆ ಬಯಲಿನ ಆಟ ಹೆಚ್ಚುಕಡಿಮೆ ಅಳಿದೇಹೋಯಿತು.

ಅದನ್ನು ಇನ್ನೊಂದು ರೂಪದಲ್ಲಿ ಉಳಿಸಿದವರು ಪಾನಗೃಹಗಳ ಮಾಲೀಕರು. ತಮ್ಮ ಹಿತ್ತಲಿನಲ್ಲಿ ಉದ್ದನೆಯ ಅಂಕಣವೊಂದನ್ನು ಹದವಾದ ಮಣ್ಣಿನಿಂದ ಗಟ್ಟಿಮಾಡಿ, ಸುತ್ತ ಹಲಗೆ ಕಟ್ಟಿ, ಎರಡು ತುದಿಗೂ ಒಂದೊಂದು ಕಂಬ ನೆಟ್ಟರು. ಚೆಂಡು ದೊಡ್ಡದಾಯಿತು, ಭಾರವಾಯಿತು. ಅದು ಹಾರುವುದನ್ನು ಬಿಟ್ಟು ಉರುಳತೊಡಗಿತು. ಮೈಲುಗಟ್ಟಲೆ ನಡೆಯುವ ಆಟ ಹದಿನೇಳು ಹದಿನೆಂಟು ಮೀಟರಿನೊಳಗೆ ಮುಗಿಯುವ ಆಟವಾಯಿತು. ಹಾಲೆಂಡಿನ ಮಳೆ ಯಾರಿಗೆ ಗೊತ್ತಿಲ್ಲ? ಬರಬರುತ್ತ ಅಂಕಣಗಳಿಗೆ ಸೂರೂ ಬಂತು. ಸೋತವನು ಎಲ್ಲರಿಗೂ ಕುಡಿಯಲು ಕೊಡಿಸಬೇಕೆಂಬುದು ರೂಢಿ. ಹೀಗಾಗಿ ಯಾರು ಗೆದ್ದರೂ ಯಾರು ಸೋತರೂ ಪಾನಗೃಹದ ಮಾಲೀಕನಿಗೆ ಲಾಭ. ಅವನು ಮಾರುತ್ತಿದ್ದದ್ದು ಬಿಯರು; ಆಟ ಅದಕ್ಕೊಂದು ನೆಪ.

ಈ ವ್ಯವಸ್ಥೆ ನೂರು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿಯೇ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಲಿಯರ್ಡ್ಸ್ ಬಂದಾಗ ಮಾಲೀಕರು ತಮ್ಮದೇ ಲೆಕ್ಕ ಹಾಕಿದರು. ಒಂದು ಕೋಲ್ಫ್ ಅಂಕಣ ಹಿಡಿಯುವ ಜಾಗದಲ್ಲಿ ಹಲವು ಬಿಲಿಯರ್ಡ್ಸ್ ಮೇಜುಗಳನ್ನು ಹಾಕಬಹುದು. ಅಂಕಣಗಳು ಒಂದೊಂದಾಗಿ ಮಾಯವಾದವು. ಉತ್ರೆಕ್ಟ್ ನಗರದ ಸೇಂಟ್ ಎಲೋಯೆನ್ ಧರ್ಮಶಾಲೆಯಲ್ಲಿ 1730ರ ಅಂಕಣವೊಂದು ಉಳಿದುಕೊಂಡಿದೆ. ಅದು ಉಳಿದದ್ದು ವ್ಯಾಪಾರದ ಜಾಗದಲ್ಲಿ ಇರದಿದ್ದುದರಿಂದಲೇ ಇರಬೇಕು.

ಹತ್ತಿಬೀಜದ ಸಿಪ್ಪೆಯ ಮೇಲೆ

ಎರಡನೆಯ ಅಧ್ಯಾಯ ಅಮೆರಿಕದ್ದು. ಅಲ್ಲಿನ ಉತ್ತರದ ರಾಜ್ಯಗಳಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಹಿಮ. ಸಣ್ಣ ಜಾಗದಲ್ಲಿ, ಯಾವ ಕಾಲದಲ್ಲಾದರೂ ಆಡಬಲ್ಲ ಗಾಲ್ಫ್ ಬೇಕೆಂಬ ಆಸೆ ಹಲವರಿಗಿತ್ತು. ಚೆಂಡನ್ನು ದೂರ ಹೊಡೆಯುವ ಭಾಗವನ್ನು ಬಿಟ್ಟು, ಕುಳಿಯ ಬಳಿ ಮೆಲ್ಲಗೆ ತಳ್ಳುವ ಭಾಗವನ್ನಷ್ಟೇ ಇಟ್ಟುಕೊಂಡರೆ ಅದು ಸಾಧ್ಯವಿತ್ತು. ಅಡ್ಡಿಯಾದದ್ದು ಹುಲ್ಲು. ಸಾವಿರ ಜನ ತುಳಿದರೆ ಹುಲ್ಲು ಸಾಯುತ್ತದೆ. ಸೂರಿನಡಿಯಲ್ಲಿ ಬೆಳೆಯುವುದೇ ಇಲ್ಲ.

ಉಪಾಯ ಹೊಳೆದದ್ದು ಮೆಕ್ಸಿಕೋದ ತ್ಲಾವಲಿಲೋ ಎಂಬಲ್ಲಿ ಹತ್ತಿಯ ತೋಟ ನಡೆಸುತ್ತಿದ್ದ ಥಾಮಸ್ ಫೇರ್‌ಬೇರ್ನ್ ಎಂಬ ಇಂಗ್ಲಿಷ್ ಮನುಷ್ಯನಿಗೆ. ಒಣ ನಾಡಿನಲ್ಲಿ ಗಾಲ್ಫ್ ಆಡುವ ಚಪಲ ಅವನಿಗೆ. ನೆಲವಿತ್ತು, ಹುಲ್ಲಿರಲಿಲ್ಲ. ಹತ್ತಿಬೀಜದ ಸಿಪ್ಪೆ ಮಾತ್ರ ಗುಡ್ಡೆಗಟ್ಟಲೆ ಬಿದ್ದಿತ್ತು. ಸಿಪ್ಪೆಯನ್ನು ಅರೆದು, ಎಣ್ಣೆ ಬೆರೆಸಿ, ಹಸಿರು ಬಣ್ಣ ಹಾಕಿ, ಮರಳಿನ ತಳದ ಮೇಲೆ ಹರಡಿ ಉರುಳುಗಲ್ಲಿನಿಂದ ಒತ್ತಿದರೆ ಚೆಂಡು ಹುಲ್ಲಿನ ಮೇಲೆ ಉರುಳಿದಂತೆಯೇ ಉರುಳುತ್ತದೆ ಎಂದು 1922ರ ಸುಮಾರಿಗೆ ಅವನು ಕಂಡುಕೊಂಡ. ಎಮ್ಮೆಗೆ ಹತ್ತಿಕಾಳು ಹಾಕುವ ಧಾರವಾಡ, ಹಾವೇರಿ ಕಡೆಯ ರೈತರಿಗೆ ಈ ಪದಾರ್ಥದ ಪರಿಚಯ ಹೇಳಬೇಕಾಗಿಲ್ಲ. ನಾಲ್ಕು ವರ್ಷಗಳಲ್ಲಿ ನ್ಯೂಯಾರ್ಕಿನ ಕಟ್ಟಡಗಳ ತಾರಸಿಗಳ ಮೇಲೆ ಇದೇ ನೆಲಹಾಸು ಕಾಣಿಸಿಕೊಂಡಿತು. ಆ ದಶಕ ಮುಗಿಯುವುದರೊಳಗೆ ಆ ಒಂದು ನಗರದಲ್ಲಿ ನೂರೈವತ್ತರಷ್ಟು ತಾರಸಿ ಅಂಕಣಗಳಾಗಿದ್ದವು.

ಆದರೆ ಇದನ್ನು ದೇಶದ ಹುಚ್ಚಾಗಿಸಿದವನು ಗಾರ್ನೆಟ್ ಕಾರ್ಟರ್. ಟೆನೆಸಿ ಮತ್ತು ಜಾರ್ಜಿಯಾ ರಾಜ್ಯಗಳ ಗಡಿಯಲ್ಲಿ, ಚಟನೂಗ ನಗರದ ಪಕ್ಕದ ಲುಕ್‌ಔಟ್ ಬೆಟ್ಟದ ಮೇಲೆ ಅವನದೊಂದು ಹೋಟೆಲಿತ್ತು. ಅವನು ಮೂಲತಃ ಮಾತಿನಲ್ಲಿ ಬದುಕುವ ಮಾರಾಟಗಾರ. ಅತಿಥಿಗಳಿಗಾಗಿ ನಿಜವಾದ ಗಾಲ್ಫ್ ಮೈದಾನ ಕಟ್ಟಲು ಹೊರಟ, ಅದು ಬಂಡೆಯ ನೆಲವಾದ್ದರಿಂದ ತಡವಾಯಿತು. ಅಲ್ಲಿಯವರೆಗೆ ಬಂದವರನ್ನು ತಣಿಸಲು 1927ರ ಸುಮಾರಿಗೆ ಅಂಗಳದಲ್ಲೊಂದು ಪುಟ್ಟ ಅಂಕಣ ಮಾಡಿಸಿದನೆಂದು ಹೇಳುತ್ತಾರೆ. ಯಕ್ಷ ಕಿನ್ನರ ಕಥೆಗಳ ಗೀಳಿದ್ದ ಅವನ ಹೆಂಡತಿ ಫ್ರೀಡಾ ಅದರ ತುಂಬ ಕುಬ್ಜರ ಬೊಂಬೆಗಳನ್ನು ನಿಲ್ಲಿಸಿದಳು. ಪೊಳ್ಳು ಮರದ ದಿಮ್ಮಿ, ಚರಂಡಿಯ ಕೊಳವೆಗಳ ಮೂಲಕ ಚೆಂಡು ನುಗ್ಗಿ ಹೋಗುವಂತೆ ಮಾಡಲಾಯಿತು. ಅತಿಥಿಗಳು ದೊಡ್ಡ ಮೈದಾನವನ್ನು ಮರೆತು ಇಲ್ಲೇ ಬೀಡುಬಿಟ್ಟರು. ಕಾರ್ಟರ್ ಮೊದಲು ಆಟಕ್ಕೆ ದರ ಇಟ್ಟ. ಆಮೇಲೆ ಅದಕ್ಕಿಂತ ಜಾಣತನದ ಕೆಲಸ ಮಾಡಿದ. ‘ಟಾಮ್ ಥಂಬ್ ಗಾಲ್ಫ್’ ಎಂದು ಹೆಸರಿಟ್ಟು, ಫೇರ್‌ಬೇರ್ನನ ನೆಲಹಾಸಿನ ಹಕ್ಕನ್ನು ಪಡೆದು, ಇಡೀ ಅಂಕಣವನ್ನೇ ಬಿಡಿಭಾಗಗಳಾಗಿ ಕಾರ್ಖಾನೆಯಲ್ಲಿ ತಯಾರಿಸಿ ಮಾರತೊಡಗಿದ. ಕೊಂಡವರು ಜೋಡಿಸಿಕೊಂಡು ಅಂಗಡಿ ತೆರೆದರಾಯಿತು.

ಆಗ ಬಂದದ್ದು 1929ರ ಅಕ್ಟೋಬರ್. ಷೇರುಪೇಟೆ ಕುಸಿಯಿತು, ಬ್ಯಾಂಕುಗಳು ಮುಳುಗಿದವು, ಕೆಲಸ ಹೋದವರು ಸಾಲುಗಟ್ಟಿದರು. ಇಂಥ ಸಮಯದಲ್ಲಿ ಮೋಜಿನ ವ್ಯಾಪಾರ ಮೊದಲು ಸಾಯಬೇಕಿತ್ತು. ಆದದ್ದೇ ಬೇರೆ. ದೂರದ ಪ್ರವಾಸಕ್ಕೆ ಹಣವಿಲ್ಲದವರು ಇಪ್ಪತ್ತೈದು, ಐವತ್ತು ಸೆಂಟು ಕೊಟ್ಟು ಸಂಜೆ ಕಳೆಯಲು ಇಲ್ಲಿಗೆ ಬಂದರು. ಕೈಯಲ್ಲಿ ಉಳಿದ ಚೂರುಪಾರು ಗಂಟನ್ನು ಬ್ಯಾಂಕಿನಲ್ಲಿಡಲು ಹೆದರಿದವರು ಅದನ್ನು ಅಂಕಣಕ್ಕೆ ಸುರಿದರು. 1930ರ ಆಗಸ್ಟ್ ವೇಳೆಗೆ ದೇಶದಲ್ಲಿ 25 ಸಾವಿರ ಪುಟ್ಟ ಗಾಲ್ಫ್ ಅಂಕಣಗಳಿವೆಯೆಂದು ಅಮೆರಿಕದ ವಾಣಿಜ್ಯ ಇಲಾಖೆ ಅಂದಾಜು ಮಾಡಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ವರ್ಷದ ಜನವರಿಯಿಂದ ಈಚೆಗೆ ಎದ್ದವು. ಪೆಟ್ರೋಲ್ ಬಂಕಿನ ಪಕ್ಕ, ಖಾಲಿ ನಿವೇಶನ, ಮನೆಯ ಅಂಗಳ, ಎಲ್ಲಿ ನೋಡಿದರೂ ಅದೇ. ಚಿತ್ರತಾರೆ ಮೇರಿ ಪಿಕ್‌ಫರ್ಡ್ ಕೂಡ ಲಾಸ್ ಏಂಜಲೀಸಿನಲ್ಲೊಂದು ತೆರೆದಳು. ಇತ್ತ ಚಿತ್ರಮಂದಿರಗಳು ಖಾಲಿ ಹೊಡೆಯತೊಡಗಿದಾಗ ಸ್ಟುಡಿಯೋಗಳು ತಮ್ಮ ತಾರೆಯರಿಗೆ ಅಂಕಣಗಳತ್ತ ಸುಳಿಯಬಾರದೆಂದು ತಾಕೀತು ಮಾಡಿದ್ದೂ ಉಂಟು. ರಾತ್ರಿಯೆಲ್ಲ ದೀಪ, ಗದ್ದಲ ಎಂದು ನೆರೆಹೊರೆಯವರು ದೂರಿದರು. ಕೆಲವು ಊರುಗಳು ಬಾಗಿಲು ಮುಚ್ಚುವ ಹೊತ್ತನ್ನು ಗೊತ್ತುಮಾಡಿದವು. ಕೆಲವು ಭಾನುವಾರ ಆಡಬಾರದೆಂದವು.

ಬೇಸಿಗೆ ಮುಗಿಯಿತು. ಚಳಿಗಾಲದ ಪ್ರಶ್ನೆ ಎದುರಾಯಿತು. ಅಂಕಣ ಒಳಾಂಗಣಕ್ಕೆ ಬಂದದ್ದು ಆಗ. ಆರ್ಥಿಕ ಕುಸಿತದ ದೆಸೆಯಿಂದ ಖಾಲಿ ಕಟ್ಟಡಗಳಿಗೇನೂ ಬರವಿರಲಿಲ್ಲ. ಬಾಗಿಲು ಹಾಕಿದ ಮಳಿಗೆಗಳು, ಕಾರು ಮಾರುವ ಷೋರೂಮುಗಳು, ನೃತ್ಯಶಾಲೆಗಳು, ನಾಟಕಮಂದಿರಗಳು ಅಗ್ಗದ ಬಾಡಿಗೆಗೆ ಸಿಕ್ಕವು. ನೆಲಹಾಸು ಮುಂಚೆಯೇ ಸಿದ್ಧವಿತ್ತು. ಹತ್ತಿಬೀಜಕ್ಕೆ ಬಿಸಿಲು ಬೇಡ, ನೀರು ಬೇಡ. ಅಕ್ಟೋಬರಿನಲ್ಲಿ ಕಾರ್ಟರ್ ತನ್ನ ಬೆಟ್ಟದ ಮೇಲೆ 10 ಸಾವಿರ ಡಾಲರ್ ಬಹುಮಾನದ ರಾಷ್ಟ್ರೀಯ ಪಂದ್ಯಾವಳಿಯನ್ನೂ ನಡೆಸಿದ. ಹೊರಗಿನಿಂದ ನೋಡಿದವರಿಗೆ ಈ ವ್ಯಾಪಾರಕ್ಕೆ ಕೊನೆಯೇ ಇಲ್ಲವೆನ್ನಿಸಿರಬೇಕು.

1931 ಕಳೆಯುವುದರೊಳಗೆ ಬಹುಪಾಲು ಅಂಕಣಗಳು ಮುಚ್ಚಿದ್ದವು.

ಏಕೆ? ಹುಚ್ಚು ಇಳಿಯಿತು ಎಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಅದು ಅರ್ಧ ಸತ್ಯ. ಅಂಕಣ ಹಾಕುವುದು ತೀರ ಸುಲಭವಾಗಿದ್ದೇ ಮುಳುವಾಯಿತು. ಒಬ್ಬನಿಗೆ ಲಾಭವಾದದ್ದು ಕಂಡ ಕೂಡಲೇ ಎದುರಿನ ನಿವೇಶನದಲ್ಲಿ ಇನ್ನೊಬ್ಬ ತೆರೆಯುತ್ತಿದ್ದ. ಇಬ್ಬರ ಬಳಿಯೂ ಅದೇ ಕಾರ್ಖಾನೆಯ ಅದೇ ಕುಬ್ಜರ ಬೊಂಬೆ. ಬೇರೆ ದಾರಿ ಕಾಣದೆ ಇಬ್ಬರೂ ದರ ಇಳಿಸಿದರು. ಒಂದೇ ಅಂಕಣವನ್ನು ಹತ್ತು ಸಲ ಆಡಿದವನಿಗೆ ಹನ್ನೊಂದನೆಯ ಸಲ ಹೊಸದೇನೂ ಇರಲಿಲ್ಲ. ಒಳಾಂಗಣಕ್ಕೆ ಬಂದ ಮೇಲಂತೂ ಬಾಡಿಗೆ, ದೀಪ, ಬಿಸಿಗಾಳಿಯ ಖರ್ಚು ಸೇರಿತು. ಬಯಲಲ್ಲಿದ್ದಾಗ ಸಿಗುತ್ತಿದ್ದ ಬೇಸಿಗೆಯ ಸಂಜೆಯ ತಂಪು ಹೋಯಿತು. ಆಗ ದೇಶದಲ್ಲಿ ಪಾನನಿಷೇಧ ಜಾರಿಯಲ್ಲಿದ್ದುದರಿಂದ ಡಚ್ ಮಾಲೀಕನಂತೆ ಬಿಯರಿನಲ್ಲಿ ನಷ್ಟ ತುಂಬಿಕೊಳ್ಳುವಂತೆಯೂ ಇರಲಿಲ್ಲ. ಇವರು ಮಾರುತ್ತಿದ್ದದ್ದು ಬರಿಯ ಆಟವನ್ನು.

ಇನ್ನು ಗಾರ್ನೆಟ್ ಕಾರ್ಟರ್? ಅವನು ನಷ್ಟಕ್ಕೆ ಸಿಕ್ಕಿಬೀಳಲಿಲ್ಲ. ಹುಚ್ಚು ಇಳಿಯುವುದಕ್ಕೆ ಮುಂಚೆಯೇ ತನ್ನ ಹಕ್ಕುಗಳನ್ನು ಕೊಳವೆ ತಯಾರಿಸುವ ಕಂಪನಿಯೊಂದಕ್ಕೆ ಮಾರಿ ಕೈತೊಳೆದುಕೊಂಡಿದ್ದ. ಅದೇ ಬೆಟ್ಟದ ಬಂಡೆಗಳ ನಡುವೆ ಫ್ರೀಡಾ ಬೆಳೆಸಿದ್ದ ತೋಟವನ್ನು 1932ರಲ್ಲಿ ‘ರಾಕ್ ಸಿಟಿ’ ಎಂದು ಪ್ರವಾಸಿಗಳಿಗೆ ತೆರೆದ. ರೈತರ ಕಣಜದ ಸೂರುಗಳ ಮೇಲೆಲ್ಲ ಅದರ ಜಾಹೀರಾತು ಬರೆಸಿದ. ಅದು ಇಂದಿಗೂ ನಡೆಯುತ್ತಿದೆ. ಗಂಟು ಕಳೆದುಕೊಂಡವರು ಅವನಿಂದ ಅಂಕಣ ಕೊಂಡವರು.

ಕೊರಿಯಾದ ಕೋಣೆಗಳು

ಅಮೆರಿಕದಲ್ಲಿ 1980ರ ದಶಕದಲ್ಲೇ ಪರದೆಯ ಗಾಲ್ಫ್ ಯಂತ್ರಗಳು ಮಾರಾಟಕ್ಕಿದ್ದವು. ಕೊಳ್ಳುವವರು ಹೆಚ್ಚಾಗಿ ಶ್ರೀಮಂತರು, ಕ್ಲಬ್ಬುಗಳು. ಅದು ಬೀದಿಬದಿಯ ವ್ಯಾಪಾರವಾಗಿ ಬೆಳೆದದ್ದು ದಕ್ಷಿಣ ಕೊರಿಯಾದಲ್ಲಿ. ಅದಕ್ಕೆ ಕಾರಣಗಳು ಆ ದೇಶದ ನೆಲದಲ್ಲೇ ಇವೆ.

ಕೊರಿಯಾದ ಮೂರನೆಯ ಎರಡು ಭಾಗದಷ್ಟು ನೆಲ ಬೆಟ್ಟಗುಡ್ಡ. ಉಳಿದ ಬಯಲು ಗದ್ದೆಗೂ ನಗರಕ್ಕೂ ಸಾಲದು. ಗಾಲ್ಫ್ ಮೈದಾನಗಳು ದುಬಾರಿ ಸದಸ್ಯತ್ವದ ಕ್ಲಬ್ಬುಗಳಾಗಿದ್ದವು. ಆಡುವವರು ಮೈದಾನದ ಶುಲ್ಕದ ಜೊತೆಗೆ ಚೀಲ ಹೊರುವ ಕ್ಯಾಡಿಗೂ ಗಾಡಿಗೂ ಬೇರೆಯಾಗಿ ತೆರಬೇಕಿತ್ತು, ಸರ್ಕಾರ ಅದರ ಮೇಲೆ ವಿಶೇಷ ತೆರಿಗೆ ಹಾಕುತ್ತಿತ್ತು. ಲಂಚ, ವಶೀಲಿಗಳ ಮಾತುಕತೆ ನಡೆಯುವುದು ಗಾಲ್ಫ್ ಮೈದಾನದಲ್ಲೇ ಎಂಬ ಅಪಖ್ಯಾತಿ ಎಷ್ಟಿತ್ತೆಂದರೆ, 1993ರಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಕಿಮ್ ಯಂಗ್ ಸಾಮ್ ತಾನೂ ಆಡುವುದಿಲ್ಲವೆಂದು ಸಾರಿ ಅಧಿಕಾರಿಗಳೂ ಆ ಕಡೆ ಹೋಗದಂತೆ ಮಾಡಿದರು.

ಈ ಚಿತ್ರವನ್ನು ಬದಲಿಸಿದವಳು ಇಪ್ಪತ್ತರ ಹುಡುಗಿ. 1997ರ ಕೊನೆಯಲ್ಲಿ ಕೊರಿಯಾದ ಹಣಕಾಸು ವ್ಯವಸ್ಥೆ ಕುಸಿದು, ದೇಶ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಿತ್ತು. ಜೀವನಪೂರ್ತಿ ನೌಕರಿ ಎಂದು ನಂಬಿದ್ದವರನ್ನು ಕಂಪನಿಗಳು ಮನೆಗೆ ಕಳಿಸುತ್ತಿದ್ದವು. ಮರುವರ್ಷ ಜುಲೈನಲ್ಲಿ ಪಾಕ್ ಸೆ ರಿ ಅಮೆರಿಕದ ಮಹಿಳಾ ಓಪನ್ ಪಂದ್ಯಾವಳಿಯ ನಿರ್ಣಾಯಕ ಆಟದಲ್ಲಿ, ನೀರಿನ ಅಂಚಿಗೆ ಬಿದ್ದ ಚೆಂಡನ್ನು ಹೊಡೆಯಲು ಬೂಟು, ಕಾಲುಚೀಲ ಕಳಚಿ ಕೊಳಕ್ಕೆ ಇಳಿದಳು. ಬಿಸಿಲಿಗೆ ಕಂದಿದ ಮೊಣಕಾಲು, ಕಾಲುಚೀಲದಲ್ಲಿದ್ದು ಬಿಳುಪಾಗಿಯೇ ಉಳಿದ ಪಾದ. ಆ ದೃಶ್ಯವನ್ನು ಕೊರಿಯನ್ನರು ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿದರು. ಅವಳು ಗೆದ್ದಳು. ಗಾಲ್ಫ್ ಒಮ್ಮೆಗೇ ಎಲ್ಲರ ಆಸೆಯಾಯಿತು. ಆದರೆ ಮೈದಾನಗಳೇನೂ ಅಗ್ಗವಾಗಲಿಲ್ಲ.

ಸ್ಯಾಮ್‌ಸಂಗ್‌ನಲ್ಲಿ ಕೆಲಸ ಮಾಡಿ ಬಂದಿದ್ದ ಕಿಮ್ ಯಂಗ್ ಚಾನ್ ಎಂಬುವರು ಡೇಜಿಯಾನ್ ನಗರದಲ್ಲಿ ‘ಗಾಲ್ಫ್‌ಜೋನ್’ ಕಂಪನಿ ಆರಂಭಿಸಿದ್ದು 2000ದಲ್ಲಿ. ಆಗ ಅವರ ವಯಸ್ಸು ಐವತ್ತು ದಾಟಿತ್ತು. ಅವರು ತಯಾರಿಸಿದ ಯಂತ್ರದ ತತ್ವ ಸರಳ. ಆಟಗಾರ ನಿಜವಾದ ಕೋಲಿನಿಂದ ನಿಜವಾದ ಚೆಂಡನ್ನು ಹೊಡೆಯುತ್ತಾನೆ. ಚೆಂಡು ಕೆಲವೇ ಮೀಟರ್ ಹಾರಿ ಪರದೆಗೆ ಬಡಿದು ಬೀಳುತ್ತದೆ. ಅಷ್ಟರಲ್ಲಿ ಸಂವೇದಕಗಳು, ಕ್ಯಾಮೆರಾಗಳು ಅದರ ವೇಗ, ಎದ್ದ ಕೋನ, ಗಿರಕಿಯನ್ನು ಅಳೆದಿರುತ್ತವೆ. ಉಳಿದ ಇನ್ನೂರು ಮೀಟರಿನ ಹಾರಾಟವನ್ನು ಕಂಪ್ಯೂಟರ್ ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತದೆ. ಚೆಂಡು ಇಳಿಜಾರಿನಲ್ಲಿ ಬಿದ್ದರೆ ಆಟಗಾರ ನಿಂತ ಹಲಗೆಯೂ ವಾಲುತ್ತದೆ. ಮರಳಿಗೆ ಬಿದ್ದರೆ ಒರಟು ಚಾಪೆಯ ಮೇಲೆ ಚೆಂಡಿಟ್ಟು ಹೊಡೆಯಬೇಕು.

ಯಂತ್ರದಷ್ಟೇ ಮುಖ್ಯವಾದದ್ದು ಅದು ಹೋಗಿ ಕುಳಿತ ಜಾಗ. ಕೊರಿಯಾದಲ್ಲಿ ‘ಬಾಂಗ್’ ಎಂದರೆ ಕೋಣೆ. ಮನೆಗಳು ಚಿಕ್ಕವು, ಗೆಳೆಯರನ್ನು ಮನೆಗೆ ಕರೆಯುವ ರೂಢಿ ಕಡಿಮೆ. ಹಾಡಬೇಕೆಂದರೆ ‘ನೊರೆಬಾಂಗ್’, ಕಂಪ್ಯೂಟರ್ ಆಟಕ್ಕೆ ‘ಪಿಸಿ ಬಾಂಗ್’, ಬಿಸಿಹಬೆಯಲ್ಲಿ ಮೈಚೆಲ್ಲಲು ‘ಜಿಮ್ಜಿಲ್‌ಬಾಂಗ್’. ಕೆಲಸ ಮುಗಿಸಿ ಊಟ, ಊಟದ ನಂತರ ಇನ್ನೊಂದು ಕಡೆ, ಅದರ ನಂತರ ಮತ್ತೊಂದು ಕಡೆ ಎಂದು ಸಹೋದ್ಯೋಗಿಗಳು ಗುಂಪಾಗಿ ಅಲೆಯುವುದು ಅಲ್ಲಿನ ಬದುಕಿನ ಕ್ರಮ. ಗಾಲ್ಫ್ ಕೋಣೆ ಈ ಸಾಲಿನಲ್ಲಿ ಸದ್ದಿಲ್ಲದೆ ಸೇರಿಕೊಂಡಿತು. ಕಚೇರಿ ಕಟ್ಟಡಗಳ ನೆಲಮಾಳಿಗೆಯಲ್ಲಿ, ಪ್ರತಿ ಗುಂಪಿಗೂ ಬೇರೆ ಕೋಣೆ, ಬೇರೆ ಸೋಫಾ. ಕೋಲು, ಬೂಟು, ಕೈಗವಸು ಅಲ್ಲೇ ಸಿಗುತ್ತದೆ. ಮಧ್ಯರಾತ್ರಿಯಲ್ಲೂ ಪರದೆಯ ಮೇಲೆ ಹಗಲು. ನಿಜವಾದ ಮೈದಾನದಲ್ಲಿ ಒಂದು ದಿನ ಆಡುವ ಖರ್ಚಿನಲ್ಲಿ ಇಲ್ಲಿ ಹಲವು ಸಲ ಆಡಬಹುದು. ಅಲ್ಲದೆ, ಹೊಸಬ ಎಡವಟ್ಟು ಹೊಡೆತ ಹೊಡೆದರೆ ಹಿಂದಿನ ತಂಡದವರು ಸಿಡುಕುವುದಿಲ್ಲ. ಈ ಕೊನೆಯ ಸಂಗತಿಗೆ ಬೆಲೆ ಕಟ್ಟುವುದು ಕಷ್ಟ.

ಕಾರ್ಟರನ ಅಂಕಣದ ದೊಡ್ಡ ದೋಷವೂ ಇಲ್ಲಿರಲಿಲ್ಲ. ಒಂದೇ ಕೋಣೆಯಲ್ಲಿ ಇಂದು ಜೇಜು ದ್ವೀಪದ ಮೈದಾನ, ನಾಳೆ ಇನ್ನೊಂದು ದೇಶದ್ದು. ಯಂತ್ರಗಳೆಲ್ಲ ಜಾಲದಲ್ಲಿ ಜೋಡಿಸಿಕೊಂಡಿರುವುದರಿಂದ ಬೂಸಾನಿನಲ್ಲಿ ಆಡುವವನು ಸೋಲ್‌ನಲ್ಲಿರುವವನೊಡನೆ ಪಂದ್ಯ ಕಟ್ಟಬಹುದು. ಆಟಗಾರನ ಅಂಕಗಳೆಲ್ಲ ಅವನ ಹೆಸರಿನಲ್ಲಿ ಜಮೆಯಾಗುತ್ತವೆ. 2012ರಿಂದ ಪರದೆಯ ಗಾಲ್ಫಿಗೇ ವೃತ್ತಿಪರ ಪಂದ್ಯಾವಳಿಯೂ ಬಂತು. ಅಲ್ಲಿ ಹೆಸರು ಮಾಡಿದ ಕಿಮ್ ಹಾಂಗ್ ತೇಕ್ 2017ರಲ್ಲಿ ಬೂಸಾನಿನಲ್ಲಿ, 2024ರಲ್ಲಿ ಮೇಕ್ಯುಂಗ್ ಓಪನ್‌ನಲ್ಲಿ ನಿಜವಾದ ಹುಲ್ಲಿನ ಮೇಲೂ ಗೆದ್ದು, ಕೋಣೆಯ ಆಟಗಾರರೆಂದು ಮೂಗು ಮುರಿಯುತ್ತಿದ್ದವರ ಬಾಯಿ ಮುಚ್ಚಿಸಿದ.

ಪರದೆಯ ಮೇಲಿನ ಆ ಮೈದಾನಗಳು ಯಾರ ಸ್ವತ್ತು ಎಂಬ ಸ್ವಾರಸ್ಯದ ವ್ಯಾಜ್ಯವೂ ನಡೆಯಿತು. ಬೆಟ್ಟ, ಕೊಳ, ಮರಗಳ ಚಿತ್ರಕ್ಕೆ ಒಡೆತನವುಂಟೆ? ಉಂಟು ಎಂದು ಕೆಲವು ಮೈದಾನಗಳ ಮಾಲೀಕರು ಗಾಲ್ಫ್‌ಜೋನ್ ಮೇಲೆ ದಾವೆ ಹೂಡಿದರು. ಒಪ್ಪಿಗೆಯಿಲ್ಲದೆ ಅವರ ಮೈದಾನಗಳನ್ನು ಪರದೆಗೆ ಇಳಿಸಿದ್ದು ಅನುಚಿತ ಪೈಪೋಟಿಯೆಂಬ ತೀರ್ಪನ್ನು ಕೊರಿಯಾದ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.

ಅಂಗಡಿಯವನ ಲೆಕ್ಕ

ಈ ಕೋಣೆಗಳನ್ನು ತೆರೆದವರು ಯಾರು? ಬಹಳ ಮಂದಿ, 1997ರ ನಂತರ ಐವತ್ತರ ಆಸುಪಾಸಿನಲ್ಲಿ ಕಂಪನಿಗಳಿಂದ ಹೊರಬಿದ್ದ ನೌಕರರು. ನಿವೃತ್ತಿಯ ಇಡುಗಂಟು ಕೈಯಲ್ಲಿ, ಮಕ್ಕಳ ಓದು ಇನ್ನೂ ಬಾಕಿ, ಮುಂದೆ ಮೂವತ್ತು ವರ್ಷದ ಬದುಕು. ಇಂಥವರು ಕೋಳಿ ಕರಿದು ಮಾರುವ ಅಂಗಡಿ ತೆರೆಯುವುದು ಕೊರಿಯಾದಲ್ಲಿ ಗಾದೆಯಷ್ಟೇ ಸಾಮಾನ್ಯವಾಯಿತು. ಎಣ್ಣೆಯ ಬಾಣಲೆಯ ಮುಂದೆ ನಿಲ್ಲಲು ಮನಸ್ಸಿಲ್ಲದವರಿಗೆ ಪರದೆಯ ಗಾಲ್ಫ್ ಗೌರವದ ಕಸುಬಾಗಿ ಕಂಡಿತು.

ಅವರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೋಲು ಬೀಸಲು ಮೂರು ಮೀಟರ್‌ನಷ್ಟು ಎತ್ತರದ ಚಾವಣಿ ಬೇಕು. ಎಲ್ಲ ಕಟ್ಟಡವೂ ಆಗದು. ನಾಲ್ಕು ಜನ ಹದಿನೆಂಟು ಕುಳಿ ಆಡಿ ಮುಗಿಸಲು ಪರದೆಯ ಮುಂದೆಯೂ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಗಿರಾಕಿ ಬರುವುದು ಕಚೇರಿ ಬಿಟ್ಟ ಮೇಲೆ. ಸಂಜೆ ಆರರಿಂದ ಹನ್ನೆರಡರವರೆಗೆ ಒಂದು ಕೋಣೆಗೆ ಎರಡೇ ತಂಡ. ಆರು ಕೋಣೆಯಿದ್ದರೆ ಹನ್ನೆರಡು ತಂಡ. ಇದಕ್ಕಿಂತ ಹೆಚ್ಚು ಎಷ್ಟು ಜನ ಬಾಗಿಲಿಗೆ ಬಂದರೂ ಒಳಗೆ ಸೇರಿಸುವಂತಿಲ್ಲ. ಹೋಟೆಲಿನವನು ಇನ್ನೆರಡು ಮೇಜು ಹಾಕಬಹುದು, ಇವನು ಕೋಣೆ ಹಿಗ್ಗಿಸಲಾರ. ಹಗಲಿಡೀ ಮಾತ್ರ ಕೋಣೆಗಳು ಖಾಲಿ. ಬಾಡಿಗೆ ಹಗಲಿಗೂ ಕೊಡಬೇಕು. ಹೀಗಾಗಿ ಬೆಳಗಿನ ಹೊತ್ತು ಕಡಿಮೆ ದರ, ಗೃಹಿಣಿಯರ ಗುಂಪಿಗೆ, ನಿವೃತ್ತರಿಗೆ ರಿಯಾಯಿತಿ, ಹೊಸಬರಿಗೆ ಪಾಠ. ಈ ಕಸುಬಿನಲ್ಲಿ ನಿಂತವರು ಹಗಲನ್ನು ತುಂಬಿಸಿದವರು. ಸಂಜೆಯನ್ನು ಎಲ್ಲರೂ ತುಂಬಿಸುತ್ತಾರೆ. ಬಾಗಿಲಿಗೆ ಬಂದವರ ಹೆಸರು ಹಿಡಿದು ಮಾತನಾಡಿಸಿ, ಒಬ್ಬೊಬ್ಬರೇ ಬಂದವರನ್ನು ಕೂಡಿಸಿ ತಂಡ ಕಟ್ಟಿ, ವಾರದ ಪಂದ್ಯ ಏರ್ಪಡಿಸುವ ಅಂಗಡಿಯಾತ ಹಳೆಯ ಡಚ್ ಪಾನಗೃಹದ ಮಾಲೀಕನ ಕೆಲಸವನ್ನೇ ಮಾಡುತ್ತಿದ್ದ.

ಆದರೂ ಅವನ ಕೈಯಲ್ಲಿಲ್ಲದ ಸಂಗತಿಗಳಿದ್ದವು. ಯಂತ್ರವನ್ನು ಒಮ್ಮೆ ಕೊಂಡರೆ ಮುಗಿಯುತ್ತಿರಲಿಲ್ಲ. ರಿಯಲ್, ವಿಷನ್, ಟೂ ವಿಷನ್ ಎಂದು ಕೆಲವೇ ವರ್ಷಗಳ ಅಂತರದಲ್ಲಿ ಹೊಸ ಹೊಸ ಮಾದರಿಗಳು ಬಂದವು. ಎದುರಿನ ಅಂಗಡಿ ಹೊಸದನ್ನು ಹಾಕಿದರೆ ಇವನೂ ಹಾಕಲೇಬೇಕು. ಆಡಿದ ಪ್ರತಿ ಆಟಕ್ಕೂ ಜಾಲದ ಮೂಲಕ ಕಂಪನಿಗೆ ಒಂದಿಷ್ಟು ಪಾಲು. ಅಷ್ಟರ ಮೇಲೆ, ಒಂದೇ ಬೀದಿಯಲ್ಲಿ ಮೂರು ನಾಲ್ಕು ಅಂಗಡಿಗಳು. ಗಾಲ್ಫ್‌ಜೋನ್ 2011ರಲ್ಲಿ ಷೇರುಪೇಟೆಗೆ ಬಂತು. ಅಂಗಡಿಯವರು ದರ ಇಳಿಸುವ ಹಗ್ಗಜಗ್ಗಾಟದಲ್ಲಿದ್ದರು. ಯಂತ್ರವನ್ನು ಮಿತಿಯಿಲ್ಲದೆ ಮಾರಿ ತಮ್ಮನ್ನು ತಮ್ಮೊಳಗೇ ಕಾದಾಡಲು ಬಿಟ್ಟಿದ್ದಾರೆಂಬುದು ಅವರ ದೂರು. ಕೊಳ್ಳುವುದು ಬಿಡುವುದು ಅವರವರ ಇಚ್ಛೆ ಎಂಬುದು ಇಂಥ ಮಾರಾಟಗಾರರ ಮಾಮೂಲಿ ವಾದ. ಯಂತ್ರದೊಂದಿಗೆ ತಾನು ಗೊತ್ತುಮಾಡಿದ ಪ್ರೊಜೆಕ್ಟರನ್ನೇ ಕೊಳ್ಳುವಂತೆ ಮಾಡಿದ್ದೂ ಸೇರಿದಂತೆ ಕೆಲವು ಕಾರಣಗಳಿಗಾಗಿ ದೇಶದ ನ್ಯಾಯಸಮ್ಮತ ವ್ಯಾಪಾರ ಆಯೋಗ 2014ರಲ್ಲಿ ದಂಡ ವಿಧಿಸಿತು. ಕಂಪನಿ ಒಪ್ಪದೆ ನ್ಯಾಯಾಲಯಕ್ಕೆ ಹೋಯಿತು. 2017ರಲ್ಲಿ ಫ್ರಾಂಚೈಸಿ ಪದ್ಧತಿ ಬಂದಾಗ, ಅದಕ್ಕೆ ಸೇರಿದವರಿಗೆ ಮಾತ್ರ ಹೊಸ ಯಂತ್ರ ಎಂಬ ವಿಷಯಕ್ಕೆ ಮತ್ತೊಂದು ಸುತ್ತಿನ ವ್ಯಾಜ್ಯ. ಟಾಮ್ ಥಂಬ್ ಕೊಂಡವರಿಗೆ ದೂರು ಹೇಳಲು ಯಾರೂ ಇರಲಿಲ್ಲ. ಇವರಿಗೆ ಕಚೇರಿಯಾದರೂ ಇತ್ತು ಎನ್ನಬೇಕು.

2020ರ ನಂತರ ಕೋವಿಡ್ ಈ ಅಂಗಡಿಗಳನ್ನು ಎರಡೂ ಕಡೆಯಿಂದ ಎಳೆಯಿತು. ವಿದೇಶಕ್ಕೆ ಹೋಗಿ ಗಾಲ್ಫ್ ಆಡುತ್ತಿದ್ದವರು ದೇಶದಲ್ಲೇ ಉಳಿದರು, ಹೊಸಬರೂ ಯುವಕರೂ ಆಟಕ್ಕೆ ಬಂದರು, ಮೈದಾನಗಳ ದರ ಏರಿದ್ದರಿಂದ ಕೋಣೆಗಳಿಗೆ ಗಿರಾಕಿ ಹೆಚ್ಚಿತು. ಅದೇ ಹೊತ್ತಿನಲ್ಲಿ, ರೋಗ ಹೆಚ್ಚಾದಾಗಲೆಲ್ಲ ಸರ್ಕಾರ ಒಳಾಂಗಣ ಆಟದ ಜಾಗಗಳನ್ನು ಮುಚ್ಚಿಸಿತು, ಇಲ್ಲವೆ ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿಸಿತು. ಸಂಜೆಯ ಎರಡು ತಂಡಗಳಲ್ಲಿ ಒಂದು ಹೋದರೆ ಅಂಗಡಿಯ ಗತಿಯೇನೆಂದು ಮೇಲಿನ ಲೆಕ್ಕವೇ ಹೇಳುತ್ತದೆ. ನಿರ್ಬಂಧ ತೆರವಾದ ಮೇಲೆ ವಿದೇಶದ ದಾರಿ ಮತ್ತೆ ತೆರೆಯಿತು, ಖರ್ಚಿಗೆ ಅಂಜಿದ ಯುವಕರಲ್ಲಿ ಹಲವರು ಟೆನಿಸ್ ಕಡೆ ಹೊರಳಿದರು.

ಇತ್ತ ಅಮೆರಿಕ ತೊಂಬತ್ತು ವರ್ಷದ ಹಿಂದಿನ ಪಾಠವನ್ನು ಮರೆತಿದೆಯೋ, ಕಲಿತಿದೆಯೋ ಹೇಳುವುದು ಕಷ್ಟ. ಅಲ್ಲಿನ ರಾಷ್ಟ್ರೀಯ ಗಾಲ್ಫ್ ಪ್ರತಿಷ್ಠಾನದ ಗಣತಿಯಂತೆ 2023ರಲ್ಲಿ ಮೈದಾನದಲ್ಲಿ ಆಡಿದವರು 2.66 ಕೋಟಿ, ಪರದೆಯ ಮುಂದೆ, ಅಭ್ಯಾಸದ ಅಂಕಣಗಳಲ್ಲಿ, ಹೀಗೆ ಮೈದಾನದ ಹೊರಗೆ ಆಡಿದವರು 3.29 ಕೋಟಿ. ಎರಡೂ ಕಡೆ ಆಡಿದವರು ಎರಡರಲ್ಲೂ ಸೇರಿದ್ದಾರೆ. ಟೈಗರ್ ವುಡ್ಸ್ ಮತ್ತು ರೋರಿ ಮೆಕಿಲ್ರಾಯ್ ಮುಂದೆ ನಿಂತು ಕಟ್ಟಿದ ಒಳಾಂಗಣ ಲೀಗ್ 2025ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಶುರುವಾಯಿತು. ಮೂರ್ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ಪರದೆ ಅದರದು. ಅದಕ್ಕಾಗಿ ಗಾಳಿ ತುಂಬಿ ನಿಲ್ಲಿಸಿದ್ದ ಸೂರು 2023ರ ನವೆಂಬರಿನಲ್ಲಿ ಕುಸಿದು ಒಂದು ವರ್ಷ ತಡವಾಗಿತ್ತು.

ಸಣ್ಣ ಅಂಗಡಿಗಳ ಮಟ್ಟದಲ್ಲಿ ಎರಡೂ ದೇಶಗಳಲ್ಲಿ ಈಗ ಹಬ್ಬುತ್ತಿರುವುದು ಆಳಿಲ್ಲದ ಗಾಲ್ಫ್ ಕೋಣೆ. ಗಿರಾಕಿ ಫೋನಿನಲ್ಲಿ ಹಣ ಕಟ್ಟಿ ಹೊತ್ತು ಕಾದಿರಿಸುತ್ತಾನೆ, ಫೋನಿಗೆ ಬಂದ ಸಂಖ್ಯೆ ಒತ್ತಿದರೆ ಬಾಗಿಲು ತೆರೆಯುತ್ತದೆ, ದೀಪ ತಾನಾಗಿ ಹೊತ್ತುತ್ತದೆ. ಸಂಬಳದ ಖರ್ಚಿಲ್ಲ, ಇಪ್ಪತ್ತನಾಲ್ಕು ಗಂಟೆಯೂ ವ್ಯಾಪಾರ. ಮಾಲೀಕ ಮನೆಯಲ್ಲಿ ಕುಳಿತು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ. ಗಿರಾಕಿಗೆ ಅವನ ಮುಖದ ಪರಿಚಯವಿರುವುದಿಲ್ಲ. ಪಕ್ಕದ ಬೀದಿಯಲ್ಲಿ ಅದೇ ಯಂತ್ರವಿಟ್ಟ, ಗಂಟೆಗೆ ಸ್ವಲ್ಪ ಕಡಿಮೆ ದರದ ಇನ್ನೊಂದು ಕೋಣೆ ತೆರೆದಿದೆಯೇ ಎಂಬುದೂ ಅದೇ ಫೋನಿನಲ್ಲಿ ಕಾಣಿಸುತ್ತದೆ.